ಎಳ್ಳಮಾಸಿಗೆ ಬಿಟ್ಟುಕೊಟ್ಟ ಗಾಡಿ

ನನಗೆ ಸಿಟ್ಟು ಬೇಗ. ಬೈಲಹೊಂಗಲದಲ್ಲಿ ಶಟ್ಟೆಪ್ಪ ಮಿಸ್ತ್ರಿಯ ಗ್ಯಾರೇಜು ಎಲ್ಲಿ ಎಂದು ಕೇಳಿದರೆ, ಸವದತ್ತಿ ರಸ್ತೆ ಹಿಡಿದು ಹೋಗಿ, ಬೈಯುವ ದನಿ ಕೇಳಿದ ಕಡೆ ನಿಲ್ಲಿಸಿ ಎಂದು ಹೇಳುವವರಿದ್ದಾರೆ. ಇಪ್ಪತ್ತಾರು ವರ್ಷದಿಂದ ಅಪಘಾತವಾದ ಗಾಡಿಗಳ ತಗಡು ಬಡಿದು ಸರಿ ಮಾಡುತ್ತಿದ್ದೇನೆ. ನಾನು ಕೈ ಹಚ್ಚಿದ ಗಾಡಿಯಲ್ಲಿ ಪೆಟ್ಟು ಎಲ್ಲಿ ಬಿದ್ದಿತ್ತು ಎಂದು ಅದರ ಮಾಲಕನೇ ಹುಡುಕಿದರೂ ಸಿಗಬಾರದು. ಜಂಬ ಎನ್ನುತ್ತೀರಾ? ಆಗಲಿ, ಜಂಬವೇ. ಕೆಲಸ ಪೂರ್ತಿಯಾಗದ ಗಾಡಿಯನ್ನು ನಾನು ಗೇಟಿನ ಹೊರಗೆ ಬಿಟ್ಟದ್ದು ಒಂದೇ ಒಂದು ಸಲ. ಆ ಒಂದು ಸಲ ಸಾಕಾಯಿತು.

ನಿಂಗರಾಜ ನಮ್ಮ ಊರಿನವನು. ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಸಂತೆಯಿಂದ ಸಂತೆಗೆ ಕಾಯಿಪಲ್ಲೆ ಸಾಗಿಸುತ್ತಾನೆ. ಅವನ ಹೆಂಡತಿ ಗಂಗಾ, ಅವನ ಸ್ವಂತ ಅಕ್ಕನ ಮಗಳು. ಅಕ್ಕ ಸಿದ್ದಲಿಂಗವ್ವ ಸುರೇಬಾನಕ್ಕೆ ಮದುವೆಯಾಗಿ ಹೋದವಳು. ತವರಿನ ನಂಟು ಉಳಿಯಲಿ ಎಂದು ಮಗಳನ್ನು ತಮ್ಮನಿಗೇ ಕೊಟ್ಟಿದ್ದಳು. ಕಳೆದ ವರ್ಷ ಕಬ್ಬಿನ ಸುಗ್ಗಿಯಲ್ಲಿ, ಎಳ್ಳಮಾವಾಸ್ಯೆಗೆ ಇನ್ನು ಎಂಟು ದಿನ ಇರುವಾಗ, ಮಂಜು ಮುಸುಕಿದ ಒಂದು ಬೆಳಗ್ಗೆ ಕಬ್ಬು ಹೇರಿದ ಟ್ರಾಲಿಯೊಂದು ಹಿಂದೆ ಲೈಟಿಲ್ಲದೆ ರಸ್ತೆಯ ಮೇಲೆ ನಿಂತಿತ್ತು. ನಿಂಗರಾಜ ಕೊನೆಯ ಗಳಿಗೆಯಲ್ಲಿ ಬಲಕ್ಕೆ ಎಳೆದುಕೊಂಡ. ಆದರೂ ಗಾಡಿಯ ಎಡಮಗ್ಗಲು ಪೂರ್ತಿ ಸವರಿಕೊಂಡು ಹೋಯಿತು. ಅವನಿಗೆ ಒಂದು ಗೀರೂ ಆಗಿರಲಿಲ್ಲ. “ದೇವರು ದೊಡ್ಡಾಂವ” ಎಂದು ನಾನೂ ಅಂದೆ.

ಗಾಡಿ ನನ್ನ ಹತ್ತಿರ ಬಂತು. ತಗಡು ಎತ್ತಿದೆ, ಬಾಗಿಲು ನೇರ ಮಾಡಿದೆ, ಬಣ್ಣ ಹೊಡೆದೆ. ಉಳಿದದ್ದು ಒಂದೇ ಕೆಲಸ. ಬಾಗಿಲು ಹಾಕಿದಾಗ ಲಾಕು ಹೋಗಿ ಕಚ್ಚಿಕೊಳ್ಳುವ ಕೊಂಡಿ ಮುರುಟಿಹೋಗಿತ್ತು. ಹೊಸದು ಹುಬ್ಬಳ್ಳಿಯಿಂದ ಬರಬೇಕು, ಅಮಾವಾಸ್ಯೆಯ ಮರುದಿನ ಕಳಿಸುತ್ತೇವೆ ಎಂದಿದ್ದರು.

ನಮ್ಮ ಕಡೆ ಗಾಡಿ ಇದ್ದವರು ಅಮಾವಾಸ್ಯೆಯನ್ನು ತಪ್ಪಿಸುವುದಿಲ್ಲ. ಗಾಡಿ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ದಾಟಿಸಬೇಕು. ಅಪಘಾತವಾದ ಗಾಡಿ ಅಮಾವಾಸ್ಯೆಯ ದಿನ ಗ್ಯಾರೇಜಿನಲ್ಲಿ ಬಿದ್ದಿದ್ದರೆ ಪೀಡೆ ಅದರೊಳಗೇ ಮನೆ ಮಾಡುತ್ತದೆ ಎಂಬ ನಂಬಿಕೆ. ಅದರಲ್ಲೂ ಎಳ್ಳಮಾಸಿ ಎಂದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆಳೆಗೆ ಎಡೆ ಎರಚಿ ಚರಗ ಚೆಲ್ಲುವ ದಿನ. ಅಂದು ಗಾಡಿ ಇಲ್ಲದೆ ಹೆಣ್ಣುಮಗಳು ತವರಿಗೆ ಹೋಗುವುದೆಂದರೆ ಸಿದ್ದಲಿಂಗವ್ವನಂಥವರಿಗೆ ಅವಮಾನ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದರು. ಆರು ವರ್ಷದ ಮಗಳು ಚನ್ನವ್ವ ಎರಡು ದಿನ ಮೊದಲೇ ಅಜ್ಜಿಯ ಮನೆಗೆ ಹೋಗಿದ್ದಳು.

“ಕಾಕಾ, ಗಾಡಿ ಇವತ್ತ ಬೇಕು,” ಎಂದ ನಿಂಗರಾಜ. “ಅಕ್ಕ ನಾಕ ಸಲ ಫೋನ್ ಮಾಡ್ಯಾಳ. ನಾಳೆ ಸುರೇಬಾನದಾಗ ಗಾಡಿ ಪೂಜಿ ಮಾಡಸ್ತಾಳಂತ.”

“ಕೊಂಡಿ ಬಂದಿಲ್ಲೋ ತಮ್ಮಾ. ನಾಡದ ಬಾ.”

“ಅಮಾಸಿಗೆ ಗಾಡಿ ಇಲ್ಲೇ ಬಿಟ್ರ ಅಕಿ ನನ್ನ ಜೀವಂತ ಬಿಡೂದಿಲ್ಲ.”

ಒಂದು ಸಲ ಹೇಳಿದೆ, ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ಅವನು ನನ್ನ ಮಾತು ಕೇಳುವುದು ಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡಿದ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದು ಹೋಯಿತು.

“ಒಯ್ಯಿ! ನಿನ್ನ ಗಾಡಿ, ನಿನ್ನ ಹಣೆಬಾರ. ನಾ ಯಾರು ಕೇಳಾಕ?” ಎಂದು ಕಿರುಚಿದೆ.

ಅವನು ತೆಂಗಿನಕಾಯಿ, ಲಿಂಬೆಹಣ್ಣು ತರುತ್ತೇನೆಂದು ಬಜಾರಕ್ಕೆ ಹೋದ. ನಾನು ಹಳೆಯ ಕೊಂಡಿಯನ್ನೇ ಕಾಯಿಸಿ, ಬಡಿದು, ಇದ್ದಷ್ಟು ನೇರ ಮಾಡಿ ಕೂರಿಸಿದೆ. ಮೂರು ಸಲ ಬಾಗಿಲು ಬಡಿದರೆ ಒಂದು ಸಲ ಕಚ್ಚುತ್ತಿತ್ತು. ಗಂಗಾ ಹತ್ತಿ ಕುಳಿತಿದ್ದಳು. ಒಳಗಿನ ಹಿಡಿಕೆಗೆ ಒಂದು ತಂತಿ ಪೋಣಿಸಿ, ಅವಳ ಸೀಟಿನ ಕೆಳಗಿನ ಸರಳಿಗೆ ಬಿಗಿದೆ.

“ಏನ್ ಕಾಕಾ, ದನಾ ಕಟ್ಟಿದಂಗ ಕಟ್ಟಿದ್ರಲ್ಲ,” ಎಂದು ನಕ್ಕಳು.

“ನಗಬ್ಯಾಡ ತಂಗಿ. ಇಳಿಯೂದಾದ್ರ ಬಿಚ್ಚು. ಹತ್ತಿದ ಕೂಡ್ಲೇ ಮತ್ತ ಬಿಗಿ. ನಿನ್ನ ಗಂಡಗೂ ಹೇಳತೇನಿ.”

“ಬ್ಯಾಡ್ರಿ ಕಾಕಾ. ಬಾಗಲಾ ಹತ್ತೂದಿಲ್ಲಂತ ಇವರಿಗೆ ಗೊತ್ತಾದ್ರ ಗಾಡಿ ಇಲ್ಲೇ ಬಿಡ್ತಾರ. ಆಮ್ಯಾಲೆ ಅಕ್ಕಗೂ ತಮ್ಮಗೂ ಜಗಳಾ ಹತ್ತತೈತಿ, ನಡುವ ನಾ ಸಾಯಬೇಕು. ನಾ ನೋಡ್ಕೊಂತೇನಿ.”

“ಆತು, ಎರಡ ದಿನದ ಮಾತು. ನಡೀತೈತಿ,” ಎಂದೆ.

ನಿಂಗರಾಜ ಬಂದ, ಗಾಡಿ ಚಾಲೂ ಮಾಡಿದ. ಆಗ ಹೇಳಬೇಕಿತ್ತು. ಅವಳು ಬೇಡವೆಂದಳು ಎಂಬುದು ನೆಪ ಅಷ್ಟೇ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವನ ಮುಖ ನೋಡುವ ಮನಸ್ಸಿಲ್ಲದೆ ಬೆನ್ನು ಹಾಕಿ ನಿಂತೆ.

ಮುನವಳ್ಳಿಯಲ್ಲಿ ಚಹಾ ಕುಡಿಯಲು ಇಳಿದರಂತೆ. ಮತ್ತೆ ಹತ್ತಿದಾಗ ನಿಂಗರಾಜನೇ ಹೊರಗಿನಿಂದ ಅವಳ ಬಾಗಿಲು ಹಾಕಿದನಂತೆ. ಅವಳು ತಂತಿ ಬಿಗಿಯಲು ಮರೆತಳೋ, ಬಿಗಿದದ್ದು ಜಾರಿತೋ, ಯಾರು ಕಂಡಿದ್ದಾರೆ? ನವಿಲುತೀರ್ಥದ ಹತ್ತಿರ ರಸ್ತೆ ಬಲಕ್ಕೆ ಹೊರಳುವಲ್ಲಿ ಬಾಗಿಲು ತೆರೆದುಕೊಂಡಿತು. ಗಂಗಾ ಬಿದ್ದಳು. ಆಸ್ಪತ್ರೆ ಮುಟ್ಟಲಿಲ್ಲ.

“ಬಾಗಲಾ ನಾನ ಹಾಕಿದ್ನಿ. ಸರಿ ಹಾಕಲಿಲ್ಲ,” ಎಂದು ನಿಂಗರಾಜ ಪೊಲೀಸರಿಗೆ ಹೇಳಿದ. ಮಣ್ಣಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ. ನಾನೂ ಆ ಗುಂಪಿನಲ್ಲಿ ನಿಂತು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳದೆ ಮನೆಗೆ ಬಂದೆ. ಥೂ ನನ್ನ ಜನ್ಮಕ್ಕೆ.

ನಾಲ್ಕು ತಿಂಗಳ ಮೇಲೆ ಅದೇ ಗಾಡಿ ತೆಗೆದುಕೊಂಡು ನಿಂಗರಾಜ ನನ್ನ ಗ್ಯಾರೇಜಿಗೆ ಬಂದ. ಗಡ್ಡ ಬಿಟ್ಟಿದ್ದ. ಅಂಗಿಯೊಳಗೆ ಮನುಷ್ಯನೇ ಇಲ್ಲದ ಹಾಗೆ ಸೊರಗಿದ್ದ.

“ಕಾಕಾ, ಉಳದ ಕೆಲಸಾ ಮುಗಿಸಿ ಕೊಡ್ರಿ. ಮಾರಿಬಿಡ್ತೇನಿ.”

“ಮಗಳು ಹೆಂಗದಾಳೋ?” ಎಂದೆ.

“ಅಕ್ಕ ಕೊಡವಲ್ಲಳು. ನಿನ್ನ ಕೈಯಾಗ ಒಂದ ಜೀವಾ ಕೊಟ್ಟದ್ದ ಸಾಕು ಅಂತಾಳ. ಮೂರ ಸಲ ಹೋಗಿದ್ನಿ. ಹ್ವಾದ ವಾರ ಹ್ವಾದ್ರ ಚನ್ನಿ ಅಜ್ಜಿ ಸೆರಗಿನ್ಯಾಗ ಅಡಗಿದ್ಲು. ‘ನೀ ನಮ್ಮವ್ವನ್ನ ಕೆಡವೀದಿ, ನಾ ಒಲ್ಲೆ’ ಅಂದ್ಲು.” ಅವನು ಅಳಲಿಲ್ಲ. “ಖರೇನ ಅಂದ್ಲಲ್ಲ ಕಾಕಾ, ಏನ್ ತಪ್ಪೈತಿ ಅದರಾಗ?” ಎಂದು ನನ್ನನ್ನೇ ಕೇಳಿದ. ನಾನು ಬಾಗಿ ಗಾಲಿ ನೋಡತೊಡಗಿದೆ. ಅವನು ಕೀಲಿ ಇಟ್ಟು ನಡೆದುಕೊಂಡೇ ಹೋದ.

ಬಾಗಿಲು ತೆರೆದೆ. ಸೀಟಿನ ಸರಳಿನಲ್ಲಿ ನಾನು ಸುತ್ತಿದ ತಂತಿ ತುಕ್ಕು ಹಿಡಿದು ಹಾಗೇ ಇತ್ತು. ಯಾರಾದರೂ ಕಂಡಿದ್ದರೂ ಹಳೆಯ ಗಾಡಿಯ ಯಾವುದೋ ತಂತಿ ಎಂದುಕೊಂಡಿರಬೇಕು. ಹುಬ್ಬಳ್ಳಿಯಿಂದ ಬಂದ ಕೊಂಡಿ ಆ ಅಮಾವಾಸ್ಯೆಯ ಮರುದಿನದಿಂದ ನನ್ನ ಹಲಗೆಯ ಮೇಲೆ ಕಾಗದ ಸಹ ಬಿಚ್ಚದೆ ಕುಳಿತಿತ್ತು. ಬಿಚ್ಚಿದೆ, ಕೂರಿಸಿದೆ, ಎರಡು ಸ್ಕ್ರೂ ಬಿಗಿದೆ. ಹತ್ತು ನಿಮಿಷದ ಕೆಲಸ ನೋಡ್ರಿ, ಹತ್ತೇ ನಿಮಿಷ. ಬಾಗಿಲನ್ನು ಒಂದು ಬೆರಳಿನಿಂದ ನೂಕಿದೆ. ಟಕ್ ಎಂದು ಕಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ನೂಕಿದೆ. ಎಷ್ಟು ಸಲ ಹಾಕಿದರೂ ಕಚ್ಚಿಕೊಂಡಿತು. ನಾನು ಗಾಲಿಯ ಪಕ್ಕ ಕುಳಿತು ಅತ್ತೆ.

ಮಧ್ಯಾಹ್ನ ಊಟ ಬೇಡವೆಂದಾಗ ಹೆಂಡತಿ ಕೆಂಪವ್ವ ಬಿಡಲಿಲ್ಲ, ಕೇಳಿ ಕೇಳಿ ಬಾಯಿ ಬಿಡಿಸಿದಳು. ಎಲ್ಲ ಕೇಳಿದ ಮೇಲೆ ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟಳು.

“ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದ ಮ್ಯಾಲೆ ಬರೂದಿಲ್ಲ. ಗಂಗವ್ವ ಹ್ವಾದಾಕಿ ಹ್ವಾದ್ಲು. ಆದ್ರ ಆ ಕೂಸಿಗೆ ಅಪ್ಪ ಅದಾನಲ್ಲ? ಅವನ್ನರ ಉಳಿಸ್ರಿ. ಮೊದಲ ಸುರೇಬಾನಕ್ಕ ಹೋಗಿ ಅಜ್ಜಿಗೆ ಹೇಳ್ರಿ. ಬಡದ್ರ ಬಡಿಸ್ಕೊಂಡ ಬರ್ರಿ.”

ಮರುದಿನ ಬೆಳಗಿನ ಬಸ್ಸಿಗೆ ರಾಮದುರ್ಗಕ್ಕೆ ಹೋಗಿ, ಅಲ್ಲಿಂದ ಸುರೇಬಾನದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿದೆ. ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಸಿದ್ದಲಿಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮಣ್ಣಿನ ದಿನ ದೂರದಿಂದ ಕಂಡಿದ್ದೆನಷ್ಟೇ; ದೊಡ್ಡ ಕುಂಕುಮ, ದೊಡ್ಡ ದನಿಯ ಹೆಂಗಸು ಎಂದು ಕೇಳಿದ್ದೆ. ದನಿ ಎಲ್ಲಿ ಹೋಗಿತ್ತೋ.

“ಯಾರಪಾ ನೀ?”

“ನಾ ಬೈಲಹೊಂಗಲದ ಶಟ್ಟೆಪ್ಪರಿ ಅಕ್ಕಾರ. ಗಾಡಿ ರಿಪೇರಿ ಮಾಡಾಂವ.”

ಮೊರದಲ್ಲಿದ್ದ ಅವಳ ಕೈ ನಿಂತಿತು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು, “ಚನ್ನಿ, ಬಾಜೂ ಮನಿಗೆ ಹೋಗವ್ವಾ,” ಎಂದು ಕಳಿಸಿದಳು. ನಾನು ನಿಂತಲ್ಲೇ ನಿಂತು ಎಲ್ಲ ಹೇಳಿದೆ: ಬಾರದ ಕೊಂಡಿ, ಬಡಿದು ಕೂರಿಸಿದ ಹಳೆಯದು, ತಂತಿ, ನನ್ನ ಸಿಟ್ಟು, ಹಾಕಿದ ಬೆನ್ನು. “ನಿಮ್ಮ ತಮ್ಮಂದು ತಪ್ಪಿಲ್ಲರಿ. ತಂತಿ ಕಟ್ಟಿದ್ದು ಅವಗ ಗೊತ್ತ ಇದ್ದಿದ್ದಿಲ್ಲ. ತಪ್ಪು ನಂದು. ಕೂಸಿನ್ನ ಅವಗ ಕೊಡ್ರಿ,” ಎಂದು ಕೈ ಮುಗಿದೆ.

ಮೊರ ನನ್ನ ಮುಖಕ್ಕೆ ಬರುತ್ತದೆ ಎಂದು ಕಾದೆ. ಅವಳು ಅದನ್ನು ನಿಧಾನವಾಗಿ ಕೆಳಗಿಟ್ಟಳು.

“ತಂತಿ ಕಟ್ಟಿದ್ದು ನನಗ ಗೊತ್ತಿತ್ತು,” ಎಂದಳು.

ನನಗೆ ಅರ್ಥವಾಗಲಿಲ್ಲ.

“ಮುನವಳ್ಳ್ಯಾಗಿಂದ ಫೋನ್ ಮಾಡಿದ್ಲು. ನಿಂಗ್ಯಾ ಚಾದ ಅಂಗಡ್ಯಾಗ ಇದ್ದಾ. ‘ಅವ್ವಾ, ಬಾಗಲಾ ಹತ್ತವಲ್ಲದು, ತಂತಿ ಕಟ್ಟ್ಯಾರ, ನನಗ ಅಂಜಿಕಿ ಆಗಾಕ ಹತ್ತೈತಿ. ಇವರು ಗಾಡಿ ತರಲಿ, ನಾ ಇಲ್ಲಿಂದ ಬಸ್ಸಿಗೆ ಬರ್ಲೇನು?’ ಅಂದ್ಲು. ನಾ ಏನಂದೆ ಗೊತ್ತೇನು? ‘ಗಂಡ ಗಾಡ್ಯಾಗ, ಹೆಂಡ್ತಿ ಬಸ್ಸಿನ್ಯಾಗ ಬಂದ್ರ ಮಂದಿ ಏನಂದಾರು? ತಂತಿ ಹಿಡ್ಕೊಂಡ ಕುಂಡ್ರು, ಸುಮ್ನ ಬಾ’ ಅಂದೆ. ನಾ ಅಂದೆ ನೋಡಪಾ. ಈ ಬಾಯಿಲೇ ಅಂದೆ.”

ಅವಳು ತನ್ನ ಬಾಯಿಗೆ ಎರಡು ಸಲ ಬಡಿದುಕೊಂಡಳು. ಮೂರನೆಯ ಸಲಕ್ಕೆ ನಾನು ಪರರ ಮನೆಯ ಹೆಂಗಸು ಎಂಬುದನ್ನೂ ಮರೆತು ಕೈ ಹಿಡಿದುಕೊಂಡೆ.

“ಮತ್ತ ಅವನ ಮ್ಯಾಲೆ ಯಾಕ ಹಾಕಿದ್ರಿ ಅಕ್ಕಾರ?”

“ಯಾರದರ ಮ್ಯಾಲೆ ಹಾಕಬೇಕಿತ್ತಪಾ. ಹೆತ್ತಾಕಿನ ಕೊಂದ್ಲು ಅಂದ್ರ ನಾ ಉಸರ ಹೆಂಗ ಹಾಕ್ಲಿ? ಅವ ತಾನ ‘ನಂದ ತಪ್ಪು’ ಅಂತ ಬಂದ. ನಾ ಹೂಂ ಅಂದೆ. ಹೂಂ ಅನ್ನೂದು ಹಗುರ ಇತ್ತು.”

ನನ್ನ ಭಾರ ಇಳಿಸಿಕೊಳ್ಳಲು ಬಂದಿದ್ದೆ, ಇಳಿಯಲಿಲ್ಲ. ಅವಳಿಗೆ ಗೊತ್ತಿತ್ತು ಎಂದ ಮಾತ್ರಕ್ಕೆ ನನ್ನ ಕೊಂಡಿ ಗಟ್ಟಿಯಾಗುತ್ತದೆಯೇ? ಆಮೇಲೆ ಅವಳು ಎದ್ದು ಒಳಗೆ ಹೋದಳು. ಮೊಮ್ಮಗಳ ಅಂಗಿಗಳನ್ನು ಒಂದು ಚೀಲಕ್ಕೆ ತುಂಬಿಕೊಂಡು ಬಂದಳು. “ನಡಿ, ನಾನೂ ಬರತೇನಿ,” ಎಂದಳು.

ಬಸ್ಸಿನಲ್ಲಿ ಚನ್ನಿ ಅಜ್ಜಿಯ ತೊಡೆಯ ಮೇಲೆ ಕುಳಿತಳು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಮೂರು ಸಲ ಕೇಳಿದಳು. ಅಜ್ಜಿ ಅವಳ ಕೂದಲು ಸವರಿದಳು. ನವಿಲುತೀರ್ಥ ಬಂದಾಗ ಸಿದ್ದಲಿಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಾವು ಮುಟ್ಟಿದಾಗ ನಿಂಗರಾಜ ಮನೆಯ ಮುಂದೆ ಕುಳಿತಿದ್ದ. ಮಗಳನ್ನು ಕಂಡು ಎದ್ದ, ಆದರೆ ಹತ್ತಿರ ಬರುವ ಧೈರ್ಯ ಮಾಡಲಿಲ್ಲ. ಅಕ್ಕ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು, “ನಿಂಗ್ಯಾ, ಕೇಳು,” ಎಂದು ಎಲ್ಲವನ್ನೂ ಹೇಳಿದಳು, ನನಗೆ ಹೇಳಿದ ಮಾತುಗಳಲ್ಲೇ. ಉಳಿದದ್ದನ್ನು ನಾನು ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ, ಅಕ್ಕನನ್ನೂ ಬೈಯಲಿಲ್ಲ.

“ಬಸ್ಸಿಗೆ ಬರತೇನಿ ಅಂದಿದ್ಲು?” ಎಂದಷ್ಟೇ ಕೇಳಿದ.

“ಅಂದಿದ್ಲೋ ಯಪ್ಪಾ.”

“ಮತ್ತ ನನಗ್ಯಾಕ ಹೇಳಲಿಲ್ಲಕ್ಕಾ ಅಕಿ? ಬಾಜೂಕ ಇದ್ನೆಲ್ಲ.”

“ನಾವಿಬ್ಬರೂ ಜಗಳಾ ಆಡ್ತೇವಂತ ಹೇಳಲಿಲ್ಲೋ.”

ಆಗ ಅವನು ಅತ್ತ. ನಾಲ್ಕು ತಿಂಗಳು ಹಿಡಿದಿಟ್ಟದ್ದೆಲ್ಲ ಬಂತು. ಅಕ್ಕ ತಮ್ಮ ಇಬ್ಬರೂ ಅಂಗಳದ ಮಣ್ಣಿನಲ್ಲಿ ಕುಸಿದು, ಒಬ್ಬರ ಕೊರಳು ಒಬ್ಬರು ಹಿಡಿದು ಅತ್ತರು. ಚನ್ನಿ ಚೀಲ ಹಿಡಿದುಕೊಂಡು ಒಬ್ಬಳೇ ನಿಂತಿದ್ದಳು. ಸ್ವಲ್ಪ ಹೊತ್ತು ನೋಡಿ, ಎರಡು ಹೆಜ್ಜೆ ಮುಂದೆ ಬಂದಳು.

“ಅಪ್ಪಾ, ಹಂಗಾರ ಅವ್ವನ್ನ ನೀ ಕೆಡವಿಲ್ಲ?”

ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ.

“ಇಲ್ಲವ್ವಾ. ನಿಮ್ಮಪ್ಪ ಅಲ್ಲ. ಗಾಡಿ ಬಾಗಲಾ ನಾ ಸರಿ ಮಾಡದ ಕೊಟ್ಟಿದ್ನಿ.”

ಅವಳು ನನ್ನನ್ನು ನೋಡಿದಳು. ಆಮೇಲೆ ಹೋಗಿ ಅಪ್ಪನ ಅಂಗಿ ಹಿಡಿದಳು.

ಈಗ ಅವಳು ಬೈಲಹೊಂಗಲದ ಶಾಲೆಗೇ ಹೋಗುತ್ತಾಳೆ. ನಿಂಗರಾಜ ದಿನಾ ಬೈಕಿನಲ್ಲಿ ನನ್ನ ಗ್ಯಾರೇಜಿನ ಮುಂದಿನಿಂದಲೇ ಕರೆದುಕೊಂಡು ಹೋಗುತ್ತಾನೆ, ಒಂದು ಕೈ ಎತ್ತುತ್ತಾನೆ. ಹಿಂದೆ ಕುಳಿತ ಹುಡುಗಿ ಕೈ ಎತ್ತುವುದಿಲ್ಲ, ನಗುವುದಿಲ್ಲ, ತಿರುವು ಬರುವವರೆಗೂ ನನ್ನನ್ನೇ ನೋಡುತ್ತಾಳೆ. ಆ ಹೊತ್ತಿಗೆ ನಾನು ಕೆಲಸ ಬಿಟ್ಟು ರಸ್ತೆಗೆ ಮುಖ ಮಾಡಿ ನಿಲ್ಲುತ್ತೇನೆ. ಎಷ್ಟು ಬೇಕೋ ಅಷ್ಟು ನೋಡಲಿ.