ಭೀಮನಕೊಳ್ಳದಲ್ಲಿ ಉಳಿದ ಮರಗಾಲು

ನಾನು ಒಂದು ಮರಗಾಲು, ಜೋಡಿಯಲ್ಲಿ ಎಡಗಾಲಿನದು. ಹುಟ್ಟಿದ್ದು ವಿಜಯಪುರದ ಕಡೆ, ಹೊಲದ ಬದುವಿನ ಜಾಲಿಮರದಲ್ಲಿ. ಬಡಿಗೇರ ಮೌನಪ್ಪ ನನ್ನನ್ನು ಕಡಿದು, ಕೆತ್ತಿ, ಸೊಂಟದೆತ್ತರದಲ್ಲಿ ಪಾದ ಇಡಲು ಒಂದು ಮೆಟ್ಟು ಕೂಡಿಸಿದ. "ಇದರ ಮ್ಯಾಲ ಆನಿ ನಿಂತ್ರೂ ಮುರಿಯೂದಿಲ್ಲ" ಎಂದು ನನ್ನ ಬೆನ್ನು ತಟ್ಟಿದ. ಆನೆ ಬರಲಿಲ್ಲ, ಹರಕೆ ಹೊತ್ತ ನಮ್ಮೂರಿನ ಸಂಗಯ್ಯ ಬಂದ. ತೂಕದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಯುಗಾದಿಗೆ ಮುಂಚೆ ನಮ್ಮ ಕಡೆಯವರು ಶ್ರೀಶೈಲದ ಮಲ್ಲಯ್ಯನ ಬಳಿಗೆ ನಡೆದು ಹೋಗುತ್ತಾರೆ. ಕೃಷ್ಣೆ ದಾಟಿ, ಗಡಿ ದಾಟಿ, ತೆಲುಗರ ಊರುಗಳನ್ನು ಹಾದು, ಕೊನೆಗೆ ನಲ್ಲಮಲೆಯ ಕಾಡು ಹತ್ತಬೇಕು. ಎಲ್ಲರೂ ಬರಿಗಾಲಲ್ಲಿ ನಡೆದರೆ, ದೊಡ್ಡ ಹರಕೆ ಹೊತ್ತವರು ನಮ್ಮ ಮೇಲೆ ನಡೆಯುತ್ತಾರೆ. ಬೆಳಿಗ್ಗೆ ನಮ್ಮನ್ನು ಕಾಲಿಗೆ ಬಿಗಿದರೆ ಸಂಜೆ ಬೀಡು ಸೇರುವ ತನಕ ಪಾದ ನೆಲಕ್ಕೆ ತಾಗಬಾರದು. ತಾಗಿದರೆ ಹರಕೆ ಮುರಿದಂತೆ. ನೋಡುವವರು ನಡೆಯುವುದೇ ಕಷ್ಟ ಅಂದುಕೊಳ್ಳುತ್ತಾರೆ. ಸುಳ್ಳು. ಕಷ್ಟ ಇರುವುದು ನಿಲ್ಲುವುದರಲ್ಲಿ. ಮರಗಾಲಿನವನು ನಿಂತಲ್ಲೇ ಒಂದೊಂದೇ ಕಾಲು ಎತ್ತಿಡುತ್ತಿರಬೇಕು, ಇಲ್ಲದಿದ್ದರೆ ತೊಡೆ ನಡುಗಿ ಮಗುಚಿಕೊಳ್ಳುತ್ತಾನೆ.

ಸಂಗಯ್ಯ ದಾರಿಯುದ್ದಕ್ಕೂ ಹಾಡುತ್ತ, ಕೆಳಗಿನವರನ್ನು ಕುಳ್ಳರೆಂದು ರೇಗಿಸುತ್ತ ಹೋಗಿಬಂದ. ಹೆಂಗಸರು ನನ್ನ ತುದಿಗೆ ನೀರು ಹಾಕಿ ನಮಸ್ಕರಿಸಿದರು. ನನಗೂ ಸ್ವಲ್ಪ ತಲೆ ತಿರುಗಿತ್ತು ಅನ್ನಿ. ಊರಿಗೆ ಬಂದ ಮೇಲೆ ಅವನ ಅಟ್ಟದಲ್ಲಿ ಉಳ್ಳಾಗಡ್ಡಿ ಬುಟ್ಟಿಗಳ ಹಿಂದೆ ಬಿದ್ದುಕೊಂಡೆ. ಜೇಡಗಳು ಬಂದವು, ಹಬ್ಬಗಳು ಹೋದವು, ನನ್ನನ್ನು ಯಾರೂ ಕೇಳಲಿಲ್ಲ.

ಒಂದು ದಿನ ಬೌರವ್ವ ಮಗನೊಂದಿಗೆ ನಮ್ಮನ್ನು ಕೇಳಿಕೊಂಡು ಬಂದಳು. ಅವಳ ಮಗ ಚನಮಲ್ಲ ಚಿಕ್ಕವನಿದ್ದಾಗ ಕಾಲಲ್ಲಿ ಬಲವಿಲ್ಲದೆ ಎದ್ದು ನಿಲ್ಲುತ್ತಿರಲಿಲ್ಲವಂತೆ. ಆಗ ಅವಳು, ನನ್ನ ಕೂಸು ತನ್ನ ಕಾಲ ಮೇಲೆ ನಿಂತರೆ ಮರಗಾಲಲ್ಲಿ ನಿನ್ನ ಬಳಿ ಕಳಿಸುತ್ತೇನೆ ಎಂದು ಮಲ್ಲಯ್ಯನಿಗೆ ಮಾತು ಕೊಟ್ಟಿದ್ದಳು. ಮಗ ನಿಂತ, ನಡೆದ, ಬೆಳೆದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿಯನ್ನೂ ಇಟ್ಟ. ಹರಕೆ ಮಾತ್ರ ಹಾಗೇ ಉಳಿದಿತ್ತು. ಈಗ ಅವಳಿಗೆ ಎದೆಯ ಕಾಯಿಲೆ. ನಾಲ್ಕು ಹೆಜ್ಜೆ ಇಟ್ಟರೆ ಉಬ್ಬಸ.

"ಗುಳಿಗಿ ಕೊಟ್ಟು ನಿಲ್ಲಿಸಿದ್ದು ಡಾಕ್ಟರು, ಯವ್ವಾ" ಎಂದು ಮಗ ಗೊಣಗಿದ.

"ಡಾಕ್ಟರನ್ನ ತೋರಿಸಿದ್ದು ಯಾರು? ನಾ ಕಣ್ಣು ಮುಚ್ಚೂದರೊಳಗ ನನ್ನ ಮಾತು ತೀರಿಸು, ಸಾಕು."

ಅವನಿಗೆ ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೇ, ಅವ್ವನಲ್ಲಿ ಪ್ರಾಣ. ಸಂಗಯ್ಯನೇ ನಮ್ಮನ್ನು ಕೊಟ್ಟು ಜೊತೆಗೆ ಹೊರಟ. ಚನಮಲ್ಲ ಹಾಡಲಿಲ್ಲ, ಯಾರನ್ನೂ ರೇಗಿಸಲಿಲ್ಲ, ಹಲ್ಲು ಕಚ್ಚಿ ನಡೆದ. ಅವನ ಮೀನಖಂಡದ ಚರ್ಮ ಹಗ್ಗಕ್ಕೆ ಕಿತ್ತು ನನಗೆ ಅಂಟಿಕೊಳ್ಳುತ್ತಿತ್ತು. ಪಾಪ ಅನ್ನಿಸುತ್ತಿತ್ತು. ಬೌರವ್ವ ಹಿಂದೆ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದಳು. ಕಾಡು ಶುರುವಾಗುವಲ್ಲಿ ಗಾಡಿಗಳು ಸುತ್ತುದಾರಿ ಹಿಡಿಯುತ್ತವೆ. ಗುಡಿಯ ಹತ್ತಿರ ಕಾಯುತ್ತೇನೆಂದು ಹೇಳಿ ಅವಳು ಟ್ರ್ಯಾಕ್ಟರ್ ಹತ್ತಿದ್ದನ್ನು ಮಗ ಕಣ್ಣಾರೆ ನೋಡಿದ.

ಅವಳು ಮುಂದಿನ ತಿರುವಿನಲ್ಲೇ ಇಳಿದಿದ್ದಳು. ಮಗ ಹರಕೆ ತೀರಿಸುವುದನ್ನು ನೋಡದೆ ಗಾಡಿಯಲ್ಲಿ ಕೂತರೆ ಕೊಟ್ಟ ಮಾತಿಗೆ ಬೆಲೆಯೇನು ಎಂಬುದು ಅವಳ ಲೆಕ್ಕ. ಜನರ ನಡುವೆ ಸೆರಗು ಮುಂದೆಳೆದುಕೊಂಡು, ಕುಂತು ಎದ್ದು, ನಮ್ಮ ಹಿಂದೆಯೇ ಕಾಡು ಹೊಕ್ಕಿದ್ದಳು.

ನಮಗೆ ಗೊತ್ತಾಗಿದ್ದು ಭೀಮನಕೊಳ್ಳದಲ್ಲಿ. ಅದು ಆಳವಾದ ಕಣಿವೆ. ಇಳಿದು, ಮತ್ತೆ ಕಲ್ಲುಮೆಟ್ಟಿಲು ಹತ್ತಬೇಕು. ನಾವು ಸ್ವಲ್ಪ ಮೇಲೆ ಹೋಗಿದ್ದೆವು. ಕೆಳಗಿನಿಂದ ಸಂಗಯ್ಯ ಕೂಗಿದ: "ಚನಮಲ್ಲಾ, ನಿಮ್ಮವ್ವ ಇಲ್ಲಿ ಬಿದ್ದಾಳೋ!"

ಮರಗಾಲಲ್ಲಿ ಮೆಟ್ಟಿಲು ಇಳಿಯುವುದು ಸಾವಿನ ಜೊತೆ ಆಟ. ಆದರೂ ಇಳಿದ. ಬೌರವ್ವ ಬಂಡೆಗೆ ಒರಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಅವನು ಬಗ್ಗಿದ, ಕೈ ಎಟುಕಲಿಲ್ಲ. ಇನ್ನೂ ಬಗ್ಗಿದರೆ ಅವಳ ಮೇಲೇ ಬೀಳುತ್ತಿದ್ದ. ತಾಯಿಗೂ ಮಗನಿಗೂ ನಡುವೆ ನಾನು ನಿಂತಿದ್ದೆ. ಮೌನಪ್ಪ ಕೆತ್ತುವ ಬದಲು ನನ್ನನ್ನು ಒಲೆಗೆ ಹಾಕಿದ್ದರೆ ಚೆನ್ನಾಗಿತ್ತು ಎಂದು ಆ ಗಳಿಗೆ ಅನ್ನಿಸಿತು.

"ಹಗ್ಗ ಬಿಚ್ಚತೀನಿ, ತಡಿ ಯವ್ವಾ."

"ಬ್ಯಾಡ! ಗುಡಿ ಇಲ್ಲೇ ಮ್ಯಾಲೈತಿ. ಇಳದ್ರ ನನ್ನ ಹೆಣಾ ನೋಡ್ತಿ. ನನ್ನಾಣಿ ಐತಿ."

ಗಂಟಿನ ಮೇಲಿದ್ದ ಅವನ ಕೈ ನಿಂತಿತು. ಸಂಗಯ್ಯ ನೀರು ತರಲು ಕೆಳಗಿನ ಹಳ್ಳಕ್ಕೆ ಓಡಿದ. ಬೌರವ್ವ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆ ಒರಗಿಸಿದಳು. ಅವ್ವನಿಗೆ ಆಸರೆ ತಪ್ಪಬಾರದೆಂದು ಚನಮಲ್ಲ ಕಾಲೆತ್ತಿಡುವುದನ್ನೇ ನಿಲ್ಲಿಸಿದ. ಮೇಲಿನ ಮರದ ಕೊಂಬೆ ಹಿಡಿದು ಅಲುಗಾಡದೆ ನಿಂತ. ಅವನ ಮೊಣಕಾಲು ಗಡಗಡ ನಡುಗುತ್ತಿತ್ತು, ಹಗ್ಗದಡಿ ರಕ್ತ ಇಳಿಯುತ್ತಿತ್ತು. ಪಕ್ಕದಲ್ಲಿ ಒಂದು ತಂಡ ಹಲಗೆ ಬಾರಿಸುತ್ತ, ಮಲ್ಲಯ್ಯನ ಹೆಸರು ಕೂಗುತ್ತ ಹತ್ತುತ್ತಿತ್ತು.

ಆ ಗದ್ದಲದಲ್ಲಿ ಬೌರವ್ವ ನನ್ನನ್ನು ಮೆಲ್ಲಗೆ ತಟ್ಟಿದಳು. ಮಗನ ಕಾಲೇ ಎಂದುಕೊಂಡಿದ್ದಳೋ ಏನೋ.

"ಸಾಕು, ಇಳಿಯಪಾ," ಅಂದಳು. "ಹರಕಿ ಹಾಳಾಗಲಿ. ಬಾ, ಬಾಜೂಕ ಕುಂಡರು."

ಅಷ್ಟು ಎತ್ತರಕ್ಕೆ ಆ ಮಾತು ಮುಟ್ಟಲಿಲ್ಲ. ಇನ್ನೊಮ್ಮೆ ಹೇಳುವ ಉಸಿರು ಅವಳಲ್ಲಿ ಇರಲಿಲ್ಲ. ಹಿಡಿತ ಸಡಿಲವಾಯಿತು. ಅವ್ವನಿಗೆ ನಿದ್ದೆ ಹತ್ತಿದೆ ಎಂದುಕೊಂಡು ಅವನು ನಿಂತೇ ಇದ್ದ. ಸಂಗಯ್ಯ ನೀರು ತಂದು ಮುಖ ನೋಡುವ ತನಕ ನಿಂತೇ ಇದ್ದ.

ಆಮೇಲೆ ಅವನು ಹಗ್ಗ ಕೊಯ್ದು, ಅವ್ವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. ನಮ್ಮನ್ನು ಯಾರೂ ಎತ್ತಲಿಲ್ಲ. ನನ್ನ ಜೋಡಿ ಯಾರದೋ ಒಲೆಗೆ ಹೋಯಿತು. ನಾನು ಬಂಡೆಯ ಸಂದಿನಲ್ಲಿ ಗೆದ್ದಲಿಗೆ ಊಟವಾಗುತ್ತಿದ್ದೇನೆ.

ಪ್ರತಿ ವರ್ಷ ಯುಗಾದಿಗೆ ಮುಂಚೆ ಚನಮಲ್ಲ ತಪ್ಪದೆ ಬರುತ್ತಾನೆ, ಬರಿಗಾಲಲ್ಲಿ. ಬಂಡೆಯ ಹತ್ತಿರ ಕೂತು, ನನ್ನ ಮೇಲೆ ಕೈಯಿಟ್ಟು, ಪ್ರತಿ ಸಲ ಅದನ್ನೇ ಕೇಳುತ್ತಾನೆ: "ಯವ್ವಾ, ನಾ ಇಳೀಬೇಕಿತ್ತೇನು?"

ಉತ್ತರ ನನಗೊಬ್ಬನಿಗೇ ಗೊತ್ತು. ಮರಕ್ಕೆ ಬಾಯಿಲ್ಲ ಎಂದು ಎಷ್ಟೋ ಸಲ ಕೊರಗಿದ್ದೇನೆ. ಅವನ ಮುಖ ನೋಡಿದಾಗ ಮಾತ್ರ, ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.