ಹಾರ್ಟಪ್ಪನ ಸಾವಿಗೆ ಕಾರಣ

ಡಾಕ್ಟರ ಕೈಯಲ್ಲಿದ್ದ ಪೆನ್ನನ್ನು ಅವಳು ಕಸಿದುಕೊಂಡೇಬಿಟ್ಟಳು.

“ಹಾರ್ಟು ಅಂತ ಬರೀಬೇಡಿ ಸಾರ್. ನನ್ನ ಗಂಡ ಹಾರ್ಟಿಂದ ಸಾಯಲಿಲ್ಲ.”

ಗಂಡನ ಹೆಣ ನಡುಮನೆಯಲ್ಲಿ, ಮುಚ್ಚಳ ತೆರೆದ ಪೆಟ್ಟಿಗೆಯೊಳಗಿತ್ತು. ಸುತ್ತ ಕೂತಿದ್ದವರು ಒಂದು ಕ್ಷಣ ಅಳುವುದನ್ನೇ ಮರೆತರು. ಡಾಕ್ಟರು ತೊಡೆಯ ಮೇಲಿದ್ದ ಫಾರಂ ನೋಡಿದರು, ಅವಳನ್ನು ನೋಡಿದರು, ಆಮೇಲೆ ಈ ಹೆಂಗಸಿಗೆ ಯಾರಾದರೂ ಬುದ್ಧಿ ಹೇಳಬಾರದೇ ಎನ್ನುವಂತೆ ಸುತ್ತ ಕಣ್ಣಾಡಿಸಿದರು. ಸಾವಿನ ಮನೆಯಲ್ಲಿ ಬುದ್ಧಿ ಹೇಳುವವರಿಗೆ ಬರವೇ?

ಮೊದಲು ಬಾಯಿ ಬಿಟ್ಟವನು ಕಲ್ಲುಪುಡಿ ಕಾರ್ಖಾನೆಯ ಮೇಸ್ತ್ರಿ. “ಪೆನ್ನು ಕೊಡಕ್ಕಾ. ಇಷ್ಟು ವರ್ಷ ನಿಮ್ಮೆಜಮಾನ್ರೇ ಎಲ್ಲರಿಗೂ ಅದನ್ನೇ ಬರೀತಿದ್ರಲ್ಲ. ಅವರಿಗೊಂದು ಬೇರೆ ಕಾನೂನಾ?”

“ಅದಕ್ಕೇ ಬೇಡ ಅಂತಿರೋದು,” ಎಂದಳು ಅವಳು.

“ದೊಡ್ಡಾಸ್ಪತ್ರೇಲಿ ತೆಗೆಸಿದ ಎಕ್ಸ್-ರೇ ನೀವೇ ನೋಡಿದ್ರಲ್ಲ ಸಾರ್,” ಎಂದು ಡಾಕ್ಟರ ಕಡೆ ತಿರುಗಿದಳು. “ಎದೆ ತುಂಬ ಕಲ್ಲುದೂಳು ಅಂತ ನೀವೇ ಹೇಳಿದ್ರಿ.”

“ಹೇಳಿದ್ದೆ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಕೊನೇಲಿ ಎಲ್ಲರ ಹಾರ್ಟೂ ನಿಲ್ಲತ್ತಲ್ಲ? ಅದೇನು ಸುಳ್ಳಲ್ಲ.”

“ನಿಲ್ಲಿಸಿದ್ದು ಯಾವುದು ಅಂತ ಬರೀರಿ.”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕ ಚೊಕ್ಕಟವಾಗಿಯೇ ಇತ್ತು.

*

ಸತ್ತವನು ಪುರಸಭೆಯ ಜನನ-ಮರಣ ಗುಮಾಸ್ತ. ಮದುವೆಗೆ ಮುಂಚೆ ಅವನೂ ಕಾರ್ಖಾನೆಯಲ್ಲಿ ಚೀಲಕ್ಕೆ ಪುಡಿ ತುಂಬಿದವನೇ. ಆಮೇಲೆ ಪರೀಕ್ಷೆ ಕಟ್ಟಿ, ಕೈಕಾಲು ಹಿಡಿದು, ಕುರ್ಚಿಯ ಕೆಲಸ ಹಿಡಿದ. ಆ ಕುರ್ಚಿಯ ಮೇಲೆ ಅವನಿಗಿದ್ದ ಪ್ರೀತಿ ಕಂಡು ಹೆಂಡತಿ, “ಅದನ್ನೇ ಕಟ್ಟಿಕೊಳ್ಳಬೇಕಿತ್ತು ನೀವು” ಎಂದು ರೇಗಿಸುತ್ತಿದ್ದಳು.

ಊರಲ್ಲಿ ಹುಟ್ಟಿದ ಒಂದು ಕೂಸನ್ನೂ ಅವನು ಬಿಡುತ್ತಿರಲಿಲ್ಲ. ತಾಯಂದಿರು ಕಚೇರಿಗೆ ಬರಲಿಲ್ಲವೆಂದರೆ ತಾನೇ ಮನೆಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಹಾಗೆ ಬರೆದೂ ಬರೆದೂ, ಈ ಊರಲ್ಲಿ ಇಷ್ಟೊಂದು ಮಕ್ಕಳಿದ್ದಾರೆಂದು ಮೇಲಿನವರಿಗೆ ಗೊತ್ತಾಗಿ, ಸ್ಕೂಲಿಗೆ ಹೊಸ ಕೋಣೆಗಳು ಬಂದವು. ಲಸಿಕೆ ಅರ್ಧದಲ್ಲೇ ಮುಗಿದುಹೋಗುವುದು ನಿಂತಿತು. ಅವತ್ತು ಅವನು ಹೆಂಡತಿಯನ್ನು ಕರೆದುಕೊಂಡು ಹೋಗಿ ಹೊಸ ಗೋಡೆ ತೋರಿಸಿದ್ದ. “ಮುಟ್ಟಿ ನೋಡೇ. ನಾನು ಬರೆದಿದ್ದು ಕಟ್ಟಡ ಆಗಿದೆ!” ಅವಳು ಮುಟ್ಟಿ, ಇನ್ನೂ ಹಸಿಯಿದ್ದ ಸುಣ್ಣವನ್ನು ಅವನ ಮೂಗಿಗೇ ಒರೆಸಿದ್ದಳು.

ಹುಟ್ಟಿನಲ್ಲಿ ಅಷ್ಟು ಖಡಕ್ಕಾಗಿದ್ದವನು ಸಾವಿನಲ್ಲಿ ಮೆತ್ತಗಾದ. ಒಂದು ದಿನ ಎಳೆಬಾಣಂತಿಯೊಬ್ಬಳು ಕಿಟಕಿಯ ಮುಂದೆ ನಿಂತು ಗೋಳಾಡಿದಳು. ಗಂಡ ಕಾರ್ಖಾನೆಯವನು, ಕೆಮ್ಮಿ ಕೆಮ್ಮಿ ಸತ್ತಿದ್ದ. ಕಾರಣ ದೂಳು ಎಂದು ಬರೆದರೆ ಹೆಣವನ್ನು ದೊಡ್ಡಾಸ್ಪತ್ರೆಗೆ ಒಯ್ದು ಕೊಯ್ಯುತ್ತಾರೆ, ವಿಚಾರಣೆ ಬರುತ್ತದೆ, ಕಾರ್ಖಾನೆಯವರು ಕ್ವಾರ್ಟರ್ಸ್‌ನಿಂದ ಸಾಮಾನು ಆಚೆ ಎಸೆಯುತ್ತಾರೆ. “ನಿಮ್ಮ ಕಾಲಿಗೆ ಬೀಳ್ತೀನಣ್ಣ, ಬೇರೆ ಏನಾದ್ರೂ ಬರೀರಿ.” ಅವನು ಹಾರ್ಟು ಎಂದು ಬರೆದ. ವಾರಕ್ಕೊಮ್ಮೆ ಬರುವ ಡಾಕ್ಟರು ತುಂಬಿಟ್ಟಿದ್ದಕ್ಕೆಲ್ಲ ಕಣ್ಣುಮುಚ್ಚಿ ಸಹಿ ಹಾಕಿ ಹೋದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಆಮೇಲೆ ಯಾರೂ ಕೇಳಬೇಕಾಗಿಯೇ ಇರಲಿಲ್ಲ. ಅವನು ಮುಖ ನೋಡಿದರೆ ಸಾಕು, ಬರೆಯುತ್ತಿದ್ದ. ಮಕ್ಕಳು ಅವನಿಗೆ ಹಾರ್ಟಪ್ಪ ಎಂದು ಹೆಸರಿಟ್ಟರು. ಅವನಿಗೂ ಆ ಹೆಸರು ಹಿಡಿಸಿತ್ತು. ನಾಲ್ಕು ಜನಕ್ಕೆ ಉಪಕಾರ ಮಾಡಿದವನು ತಾನೇ!

ನಿವೃತ್ತಿಗೆ ಮುಂಚಿನ ವರ್ಷ ಮೇಲಿಂದ ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯ, ಕಾಫಿ ಕುಡಿದು ಲೋಟವನ್ನು ತಾವೇ ತೊಳೆದಿಟ್ಟರು. “ನಿಮ್ಮೂರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಸಾಯೋರೇ ಇಲ್ವಲ್ರೀ. ಇಲ್ಲಿರೋ ಎದೆ ಆಸ್ಪತ್ರೆ, ಎಕ್ಸ್-ರೇ ಮಿಷನ್ನು ಎಲ್ಲ ದಂಡ. ಜಾಸ್ತಿ ಸಾಯ್ತಿರೋ ಕಡೆ ಕಳಿಸ್ತಿದೀವಿ. ಸತ್ತವರ ಲೆಕ್ಕ ನೋಡಿ ತಾನೇ ಬದುಕಿರೋರಿಗೆ ಹಂಚೋದು?”

ನಿಜ ಹೇಳಿದರೆ ಅವನ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತೇನೋ. ಹೇಳಲಿಲ್ಲ. ಮಿಷನ್ನು ಲಾರಿ ಹತ್ತಿ ಹೋಯಿತು. ಅವತ್ತು ಮನೆಗೆ ಬಂದವನು ಊಟಕ್ಕೆ ಕೂತು, ಅನ್ನ ಕಲಸುತ್ತಲೇ ಇದ್ದ. “ಕೊಂದುಬಿಟ್ಟೆ ಕಣೇ,” ಎಂದ. ಯಾರನ್ನು ಎಂದು ಅವಳು ಕೇಳಲಿಲ್ಲ. ಆ ವರ್ಷವೇ ಮಗ ಕಾರ್ಖಾನೆಗೆ ಸೇರಿದ್ದ.

ಹೋದ ವಾರ, ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ದಿನ ದೂಡುತ್ತಿದ್ದಾಗ, ಅವಳ ಕೈ ಹಿಡಿದು ಅವನು ಹೇಳಿದ್ದು ಇಷ್ಟೇ: “ನನಗಾದ್ರೂ ನಿಜ ಬರೆಸು. ಒಂದಾದ್ರೂ ಮೇಲೆ ಹೋಗ್ಲಿ.”

*

“ಹೊತ್ತಾಗ್ತಿದೆ,” ಎಂದ ಮೇಸ್ತ್ರಿ.

ಅವಳು ಪೆನ್ನು ಹಿಡಿದುಕೊಂಡೇ ಹೆಂಗಸರ ಕಡೆ ತಿರುಗಿದಳು. “ನೀವು ಹೇಳ್ರೇ. ನಿಮ್ಮ ಗಂಡಂದಿರು ಹಾರ್ಟಿಂದ ಸತ್ರಾ? ಒಬ್ಬಳಾದ್ರೂ ಬಾಯಿ ಬಿಡಿ.”

ಕೊನೆಗೆ ಎದುರುಮನೆಯವಳು ತಲೆ ಎತ್ತಿದಳು. ಅವತ್ತು ಕಿಟಕಿಯ ಮುಂದೆ ಗೋಳಾಡಿದ ಬಾಣಂತಿ ಅವಳೇ. ಈಗ ಕೂದಲು ನರೆತಿತ್ತು. “ನಿನ್ನ ಗಂಡ ಹಾಗೆ ಬರೆದಿದ್ದಕ್ಕೇ ನನ್ನ ಮಕ್ಕಳು ಬೀದಿಗೆ ಬೀಳಲಿಲ್ಲ. ಅದು ಸುಳ್ಳು ಅಂತ ನನ್ನ ಬಾಯಲ್ಲೇ ಹೇಳಿಸ್ತೀಯಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅವಳ ಮಕ್ಕಳೂ ಈಗ ಕಾರ್ಖಾನೆಯಲ್ಲೇ ಇದ್ದರು.

ಬಾಗಿಲ ಹತ್ತಿರ ಪುರಸಭೆಯ ಹೊಸ ಗುಮಾಸ್ತೆ ಹೂಳಲು ಬೇಕಾದ ಮಣ್ಣಿನ ಚೀಟಿ ಬರೆದುಕೊಡಲು ಕಾಯುತ್ತಿದ್ದಳು. ಅವಳು ಹಾರ್ಟಪ್ಪನ ಕುರ್ಚಿಯಲ್ಲಿ ಕೂರುವ ಹುಡುಗಿ.

“ನೀನೇ ಹೇಳಮ್ಮ,” ಎಂದಳು ಇವಳು. “ಒಂದೇ ಒಂದು ನಿಜ ಬರೆದ್ರೆ ಏನಾಗತ್ತೆ?”

ಹುಡುಗಿ ಚೀಟಿಪುಸ್ತಕ ಮುಚ್ಚಿದಳು. “ವಾಪಸ್ ಕಳಿಸ್ತಾರಮ್ಮ. ಇಷ್ಟು ವರ್ಷ ಇಲ್ಲದ ಕಾಯಿಲೆ ಈಗೆಲ್ಲಿಂದ ಬಂತು, ಬರೆಯುವಾಗ ತಪ್ಪಾಗಿರಬೇಕು, ಸರಿಮಾಡಿ ಅಂತ. ಇಂಥವು ಹತ್ತಾರು ಹೋದ್ರೆ ಮಾತ್ರ ತಿರುಗಿ ನೋಡ್ತಾರೆ.”

“ಮೊದಲನೇದೇ ಹೋಗದಿದ್ರೆ ಹತ್ತನೇದು ಎಲ್ಲಿಂದ ಹೋಗತ್ತೆ?”



ಆಗ ಮಗ ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ. “ಅಮ್ಮ, ಸಾಕು ಬಿಡು. ಮೇಸ್ತ್ರಿ ಆಗಲೇ ಹೊರಗೆ ಕರೆದು ಹೇಳಿದಾನೆ. ಕ್ವಾರ್ಟರ್ಸ್ ಹೋಗತ್ತೆ, ಕೆಲಸಾನೂ ಹೋಗತ್ತೆ. ನನಗೆ ಬೇರೆ ಏನು ಬರತ್ತೆ? ಮಗೂನ ಎಲ್ಲಿಗೆ ಎತ್ಕೊಂಡು ಹೋಗ್ಲಿ?”

“ನಾನು ಬರೆಸ್ತಿರೋದು ನಿಮ್ಮಪ್ಪನಿಗಲ್ಲ ಕಣೋ. ನಿನಗೆ. ಆ ಆಸ್ಪತ್ರೆ ವಾಪಸ್ ಬರ್ಲಿ ಅಂತ.”

“ನನಗೇನಾಗಿದೆ?” ಎಂದ ಮಗ. ಎಂದವನಿಗೆ ಮುಂದಿನ ಮಾತು ಬರುವ ಮೊದಲೇ ಕೆಮ್ಮು ಬಂತು. ಒಣಕೆಮ್ಮು, ಒಳಗಿಂದ ಏನನ್ನೋ ಕೆರೆದು ತೆಗೆಯುವಂಥದ್ದು. ಅವಳು ಅವನ ಬೆನ್ನು ನೀವಿದಳು. ನೀವುತ್ತಾ ನೀವುತ್ತಾ ಅವಳ ಕೈ ಸೋತಿತು. ಗಂಡ ಅಷ್ಟು ವರ್ಷ ಕಿಟಕಿಯಾಚೆ ನೋಡಿದ ಮುಖ ಯಾವುದೆಂದು ಅವಳಿಗೆ ಈಗ ಗೊತ್ತಾಯಿತು. ಅದು ಅವಳದೇ ಮುಖವಾಗಿತ್ತು. ದೇವರೇ, ಇದಕ್ಕಿಂತ ತನ್ನನ್ನೇ ಕೊಯ್ದು ಹಾಕಿದ್ದರೆ ವಾಸಿಯಿತ್ತು.

ಅವಳು ಡಾಕ್ಟರಿಗೆ ಪೆನ್ನು ಕೊಟ್ಟಳು.

ಡಾಕ್ಟರು ಹಾರ್ಟು ಎಂದು ಬರೆದರು. ಮಾಹಿತಿ ಕೊಟ್ಟವರು ಎಂಬ ಕಡೆ ಸಹಿ ಬೇಕಿತ್ತು, ಅವಳೇ ಹಾಕಿದಳು.

*

ಸ್ಮಶಾನ ಕಾರ್ಖಾನೆಯ ಹಿಂದಿನ ದಿಬ್ಬದ ಮೇಲಿದೆ. ಅಂಥ ಏರೇನಲ್ಲ, ಮಕ್ಕಳು ಆಟಕ್ಕೆ ಓಡಿ ಹತ್ತುತ್ತಾರೆ. ಮಗನ ಜೊತೆ ಪೆಟ್ಟಿಗೆಗೆ ಹೆಗಲು ಕೊಟ್ಟವರೆಲ್ಲ ಕಾರ್ಖಾನೆಯಲ್ಲಿ ಅವನೊಡನೆ ಕೆಲಸ ಮಾಡುವ ಗೆಳೆಯರು, ಅವನ ವಾರಿಗೆಯವರು.

ಏರು ಶುರುವಾಗುತ್ತಿದ್ದಂತೆ ಮುಂದಿದ್ದವನೊಬ್ಬ ನಿಂತ. ಅವನ ಜಾಗಕ್ಕೆ ಇನ್ನೊಬ್ಬ ಬಂದ. ಸ್ವಲ್ಪ ದೂರಕ್ಕೆ ಅವನೂ ನಿಂತ. ಹಿಂದಿದ್ದ ಎದುರುಮನೆಯವಳ ಮಗನಿಗೆ ಕೆಮ್ಮು ಹತ್ತಿಕೊಂಡಿತು. ಪೆಟ್ಟಿಗೆ ವಾಲಿತು. “ಇಳಿಸ್ರಪ್ಪಾ, ಒಂಚೂರು ಇಳಿಸಿ,” ಎಂದ ಮಗ.

ಪೆಟ್ಟಿಗೆಯನ್ನು ದಾರಿಯ ನಡುವೆ ಇಳಿಸಿ ಅವರೆಲ್ಲ ಮೊಣಕಾಲಿಗೆ ಕೈಯೂರಿ ಬಗ್ಗಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಏಳ್ರೋ, ಹೊತ್ತು ಮುಳುಗತ್ತೆ,” ಎಂದು ಮೇಸ್ತ್ರಿ ಕೂಗಿದ. ಏಳುವುದಕ್ಕೂ ಉಸಿರು ಬೇಕಲ್ಲ.

ಅವಳು ಬಂದು ಮಗನ ಜಾಗದಲ್ಲಿ ಹೆಗಲು ಕೊಟ್ಟಳು. ಆಚೆ ಬದಿಗೆ ಎದುರುಮನೆಯವಳು ಬಂದಳು. ಹಿಂದಕ್ಕೆ ಇನ್ನಿಬ್ಬರು ವಿಧವೆಯರು ಬಂದರು. ಪೆಟ್ಟಿಗೆ ಮೇಲೆದ್ದಿತು.

ಮಗ ದಾರಿಬದಿಯ ಕಲ್ಲಿನ ಮೇಲೆ ಕೂತು, ಬಾಯಿ ತೆರೆದುಕೊಂಡು ಗಾಳಿ ಎಳೆಯುತ್ತ, ಹೆಂಗಸರು ಅಪ್ಪನನ್ನು ಹೊತ್ತು ದಿಬ್ಬ ಹತ್ತುವುದನ್ನು ನೋಡುತ್ತಿದ್ದ.