ಮೂಗಿಲ್ಲದವರ ನಡುವೆ ಒಂದು ಪೀಪಾಯಿ

ನಾನೊಂದು ಪೀಪಾಯಿ. ಓಕ್ ಮರದ್ದು. ನನ್ನ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಮನುಷ್ಯರಿಗೆ ಎರಡೂ ದೊಡ್ಡವು ಎಂಬುದನ್ನು ನಾನು ಹದಿನೆಂಟು ವರ್ಷ ಒಂದೇ ಕಡೆ ಮಲಗಿ ಕಂಡುಕೊಂಡೆ. ಈ ಮಾತಿಗೆ ಯಾರಾದರೂ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ನನಗೇನೂ ನಷ್ಟವಿಲ್ಲ.

ಹುಟ್ಟಿದ್ದು ಅಮೆರಿಕದ ಒಂದು ಕಾಡಿನಲ್ಲಿ. ನೂರು ವರ್ಷ ನೆಟ್ಟಗೆ ನಿಂತಿದ್ದ ಮರವನ್ನು ಕಡಿದು, ಹಲಗೆ ಸೀಳಿ, ಬೆಂಕಿಯ ಸುತ್ತ ಬಗ್ಗಿಸಿ ನನ್ನನ್ನು ಕಟ್ಟಿದರು. ಒಂದು ಮೊಳೆ ಹೊಡೆಯಲಿಲ್ಲ, ಒಂದು ತೊಟ್ಟು ಅಂಟು ಹಾಕಲಿಲ್ಲ. ಕಬ್ಬಿಣದ ಪಟ್ಟಿ ಬಿಗಿದರು, ಅಷ್ಟೇ. ಆಮೇಲೆ ಒಳಗೆ ಬೆಂಕಿ ಹಚ್ಚಿ ನನ್ನ ಹೊಟ್ಟೆಯನ್ನು ಕರ್ರಗೆ ಸುಟ್ಟರು. ನಾಲ್ಕು ವರ್ಷ ಅವರ ಸಾರಾಯಿಯನ್ನು ಹೊತ್ತೆ. ಅಲ್ಲಿ ಒಂದು ಪೀಪಾಯಿಯನ್ನು ಎರಡನೇ ಸಲ ತುಂಬುವುದಿಲ್ಲವಂತೆ. ಊಟವಾದ ಮೇಲೆ ಬಾಳೆ ಎಲೆ ಎತ್ತಿದ ಹಾಗೆ ನನ್ನನ್ನು ಎತ್ತಿ ಹೊರಗಿಟ್ಟರು.

ಅಗ್ಗಕ್ಕೆ ಸಿಕ್ಕಿತೆಂದು ಸ್ಕಾಟ್ಲೆಂಡಿನವರು ಕೊಂಡರು. ಸಮುದ್ರದ ದಂಡೆಯಲ್ಲಿ ಒಂದು ಗೋದಾಮು, ಮಣ್ಣಿನ ನೆಲ, ಗೋಡೆಯ ತುಂಬ ಕಪ್ಪು ಬೂಷ್ಟು. ಅಲ್ಲಿ ನನ್ನೊಳಗೆ ನೀರಿನಂತೆ ಬಣ್ಣವಿಲ್ಲದ, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು ಬರಿಸುವ ಒಂದು ದ್ರವ ತುಂಬಿ ಬಿರಡೆ ಬಡಿದರು. ಅದನ್ನು ವಿಸ್ಕಿ ಮಾಡಿದ್ದು ನಾನು. ಬಣ್ಣ ನನ್ನದು, ವಾಸನೆ ನನ್ನದು, ತಾಳ್ಮೆ ನನ್ನದು. ಹೆಸರು ಮಾತ್ರ ಕಂಪನಿಯದು. ವರ್ಷಕ್ಕಿಷ್ಟು ಅಂತ ನನ್ನ ಹೊಟ್ಟೆಯೊಳಗಿನದು ಆವಿಯಾಗಿ ಹೋಗುತ್ತದೆ. ಅದಕ್ಕೆ ಅವರು ದೇವತೆಗಳ ಪಾಲು ಎಂದು ಹೆಸರಿಟ್ಟಿದ್ದಾರೆ. ಲುಕ್ಸಾನಾದರೆ ದೇವರ ತಲೆಗೆ ಕಟ್ಟುವುದು ಎಲ್ಲ ದೇಶದ ವ್ಯಾಪಾರಿಗಳಿಗೂ ಗೊತ್ತಿರುವ ವಿದ್ಯೆ.

ನನ್ನ ಒಡೆಯರು ಮೂರು ಸಲ ಬದಲಾದರು. ನಾನು ಇದ್ದಲ್ಲೇ ಇದ್ದೆ. ಮೊದಲು ಒಬ್ಬ ಬ್ಯಾಂಕಿನವನು, ಆಮೇಲೆ ಒಬ್ಬ ಹಲ್ಲಿನ ಡಾಕ್ಟರು, ಆಮೇಲೆ ಕರ್ನಾಟಕದ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಚನ್ನವೀರಪ್ಪ ಮುದೇನೂರ. ಮೂವರಲ್ಲಿ ಒಬ್ಬನೂ ನನ್ನ ಮುಖ ನೋಡಲಿಲ್ಲ. ಕಾಗದ ಕೊಂಡರು, ಕಾಗದ ಮಾರಿದರು. ಎಮ್ಮೆ ನೋಡದೆ ಹಗ್ಗಕ್ಕೆ ಬೆಲೆ ಕಟ್ಟುವ ಜಾತಿ.

ಚನ್ನವೀರಪ್ಪನ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಬಜಾರಿನಲ್ಲಿ ಆತ ಚೀಲಕ್ಕೆ ಮೊಣಕೈತನಕ ಕೈ ಹಾಕಿ, ಅಡಿಯಿಂದ ಹತ್ತು ಕಾಯಿ ತೆಗೆದು, ಮುರಿದು, ಅಂಗೈಯಲ್ಲಿ ತಿಕ್ಕಿ ಮೂಸಿ ನೋಡದೆ ದರದ ಮಾತೆತ್ತುತ್ತಿರಲಿಲ್ಲ. ಅಂಥವನು ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ, ಚಿನ್ನದ ಅಂಚಿನ ಸರ್ಟಿಫಿಕೇಟು ನೋಡಿ ನನ್ನನ್ನು ಕೊಂಡ. ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಲಿಂಗ ಕಟ್ಟಿದ ಮನೆ, ಯಾರಿಗಾದರೂ ತಿಳಿದೀತೆಂದು ಆ ಕಾಗದವನ್ನು ತಿಜೋರಿಯಲ್ಲಿ ಹೆಂಡತಿಯ ಧಾರೆ ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟ.

ಮಾರಿದವನು ಸಂಕೇತ ಕೊಟ್ರಶೆಟ್ಟರ. ಹುಬ್ಬಳ್ಳಿಯವನೇ, ಚನ್ನವೀರಪ್ಪನಿಗೆ ದೂರದ ಸಂಬಂಧದಲ್ಲಿ ತಮ್ಮನಾಗಬೇಕು. ಮ್ಯಾಂಚೆಸ್ಟರಿಗೆ ಹೋಗಿ ಸ್ಯಾಂಡಿ ಆಗಿದ್ದ. ಪೀಪಾಯಿ ಕೊಡಿಸುವ, ಮಾರಿಸುವ ದಲ್ಲಾಳಿ. ವಿಸ್ಕಿಯ ಬಗ್ಗೆ ಒಂದು ತಾಸು ನಿಲ್ಲದೆ ಮಾತಾಡಬಲ್ಲ. ಆದರೆ ನಾನು ಮಲಗಿದ್ದ ಗೋದಾಮಿನ ಬಾಗಿಲನ್ನು ಈ ಧಂದೆಗಿಳಿದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದಾಟಿದವನಲ್ಲ. ವ್ಯವಹಾರಕ್ಕೆಲ್ಲ ತಾನೇ ಪ್ರತಿನಿಧಿ ಎಂದು ಒಂದು ಫಾರಮ್ಮಿಗೆ ಚನ್ನವೀರಪ್ಪನ ಸಹಿ ಮಾತ್ರ ಮರೆಯದೆ ಹಾಕಿಸಿಕೊಂಡಿದ್ದ.

ಚನ್ನವೀರಪ್ಪ ತೀರಿಕೊಂಡ. ಹೆಂಡತಿ ದಾಕ್ಷಾಯಣಿ ಧಾರೆ ಸೀರೆ ಬಿಚ್ಚಿದಾಗ ನಾನು ಸಿಕ್ಕೆ. ಮೂವತ್ತು ವರ್ಷ ಗಂಡನ ಜೊತೆ ಅಂಗಡಿಯಲ್ಲಿ ಕೂತು ಕಾಯಿ ಆರಿಸಿದವಳು, ಗಂಡನಿಗಿಂತ ಚುರುಕು ಮೂಗಿನವಳು. ಈಗ ಮೈದುನ ಬಂದು, ಹೆಂಗಸಿಗೆ ಅಡತಿ ಅಂಗಡಿ, ದಲ್ಲಾಳಿ ವ್ಯವಹಾರ ಯಾಕೆ, ಮನೆಯಲ್ಲಿ ಕೂತು ಪೂಜೆ ಮಾಡಿಕೊಂಡಿರಲಿ ಅಂದನಂತೆ. ಅಂಗಡಿಯಲ್ಲಿ ಅವನ ಅರ್ಧ ಪಾಲನ್ನು ಅವಳು ಯುಗಾದಿಯೊಳಗೆ ಕೊಂಡರೆ ಅಂಗಡಿ ಅವಳದು. ಇಲ್ಲದಿದ್ದರೆ ಅವಳ ಪಾಲನ್ನು ಅವನು ಕೊಳ್ಳುತ್ತಾನೆ, ಅವಳು ಮನೆ ಸೇರುತ್ತಾಳೆ. ಕೊಳ್ಳಲು ಅವಳ ಹತ್ತಿರ ಇದ್ದದ್ದು ನಾನೊಬ್ಬನೇ. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಆಮೇಲೆ ಅವಳು ನನ್ನೆದುರಿಗೇ ಸ್ಯಾಂಡಿಯ ಮುಖಕ್ಕೆ ಹಿಡಿದು ಹೇಳಿದ್ದರಿಂದ.

ನನ್ನನ್ನು ಮಾರಿಸಿಕೊಡು ಎಂದು ಅವಳು ಸ್ಯಾಂಡಿಗೆ ಫೋನು ಮಾಡಿದಳು. ಅವನು ಎರಡು ವಾರ ಬಿಟ್ಟು ಅಳುಮೋರೆಯ ದನಿಯಲ್ಲಿ ಸುದ್ದಿ ಕೊಟ್ಟ. ಪೀಪಾಯಿ ಸೋರಿದೆ, ಸರಕಿನ ಕಸುವು ಇಳಿದಿದೆ. ಮದ್ಯಸಾರ ನೂರಕ್ಕೆ ನಲವತ್ತು ಪಾಲಿಗಿಂತ ಕಡಿಮೆಯಾದರೆ ಅಲ್ಲಿನ ಕಾಯಿದೆಯಲ್ಲಿ ಅದಕ್ಕೆ ವಿಸ್ಕಿ ಎಂಬ ಹೆಸರೇ ಇಲ್ಲ, ಬರೀ ಗಲೀಜು ನೀರು. ಯಾರೂ ಕೊಳ್ಳುವುದಿಲ್ಲ. ಮನೆಯ ಮರ್ಯಾದೆ ಹೋಗಬಾರದೆಂದು ತಾನೇ ಏನೋ ಒಂದಿಷ್ಟು ಕೊಟ್ಟು ತೆಗೆದುಕೊಳ್ಳುತ್ತೇನೆ, ಕಾಗದಕ್ಕೆ ಸಹಿ ಹಾಕಿ ಕಳಿಸಿಬಿಡಿ ಎಂದ. ನಾನು ಸೋರಿದ್ದೆನೇ? ಮೊಳೆಯಿಲ್ಲದೆ ಕಟ್ಟಿದ ಮೈ ನನ್ನದು. ಸೋರಿದ್ದು ಅವನ ನಾಲಿಗೆ.

ದಾಕ್ಷಾಯಣಿ ಸಹಿ ಹಾಕಲಿಲ್ಲ. ಅದೇ ತಿಂಗಳು ಮಸಾಲೆ ವ್ಯಾಪಾರಿಗಳ ಸಂಘದವರು ಲಂಡನ್ನಿನ ಒಂದು ಮೇಳಕ್ಕೆ ಹೊರಟಿದ್ದರು. ಗಂಡನ ಹೆಸರಿದ್ದ ಜಾಗದಲ್ಲಿ ತನ್ನ ಹೆಸರು ಬರೆಸಿದಳು. ಮೇಳ ಮುಗಿದದ್ದೇ, ನನ್ನ ಸರಕು ತೋರಿಸು ನಡಿ ಎಂದು ಸ್ಯಾಂಡಿಯ ಬೆನ್ನು ಹತ್ತಿದಳು. ಅಷ್ಟು ದೂರ, ಅಲ್ಲಿ ಬರೀ ಚಳಿ, ಹೆಂಡದ ನಾತ, ನಿಮಗೆ ಸೇರುವುದಿಲ್ಲ ಎಂದೆಲ್ಲ ಹೇಳಿ ನೋಡಿದ. ಮೆಣಸಿನಕಾಯಿ ಘಾಟಿನಲ್ಲಿ ಮೂವತ್ತು ವರ್ಷ ಕಳೆದವಳಿಗೆ ನಾತದ ಹೆದರಿಕೆ ಹಾಕಿದ ಶತಮೂರ್ಖ.

ಅವತ್ತು ಗೋದಾಮಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ಸ್ಯಾಂಡಿಯ ಮಿರಿಮಿರಿ ಬೂಟು. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಹಿಂದೆ ಸ್ವೆಟರಿನ ಮೇಲೆ ಶಾಲು ಹೊದ್ದ ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಹಣೆಯಲ್ಲಿ ವಿಭೂತಿ. ಗೋದಾಮು ಕಾಯುವ ಡೂಗಲ್ ನನ್ನನ್ನು ತೋರಿಸಿದ. ನಲವತ್ತು ವರ್ಷದಿಂದ ಅಲ್ಲೇ ಇರುವ ಮುದುಕ, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದರೆ ಸುಸ್ತಾಗುವವನು. ಮನುಷ್ಯರಲ್ಲಿ ನಾನು ಸಹಿಸಿಕೊಂಡವನು ಅವನೊಬ್ಬ.

ಡೂಗಲ್ ಬಿರಡೆ ತೆಗೆದು, ತಾಮ್ರದ ಕೊಳವೆ ಇಳಿಸಿ ಒಂದಿಷ್ಟು ಎತ್ತಿದ. ಗಾಜಿನ ಲೋಟವನ್ನು ಸ್ಯಾಂಡಿಯತ್ತ ಚಾಚಿದ. ಅವನು ಎರಡೂ ಕೈ ಜೇಬಿನಲ್ಲಿಟ್ಟು, ಗಾಡಿ ಓಡಿಸಬೇಕು ಎಂದು ತಲೆ ಅಲ್ಲಾಡಿಸಿದ. ಆಗ ದಾಕ್ಷಾಯಣಿ ತನ್ನ ಅಂಗೈ ಒಡ್ಡಿದಳು. ನಾಲ್ಕು ಹನಿ ಬಿದ್ದವು. ಎರಡೂ ಅಂಗೈ ಸೇರಿಸಿ ಬಿರುಸಾಗಿ ತಿಕ್ಕಿದಳು, ಬೊಗಸೆ ಮಾಡಿ ಮೂಗಿಗೆ ಹಿಡಿದಳು, ಕಣ್ಣು ಮುಚ್ಚಿದಳು. ಮೆಣಸಿನಕಾಯಿಯನ್ನು ನೋಡುವ ರೀತಿಯದು. ಅವಳಿಗೆ ಬೇರೆ ರೀತಿ ಗೊತ್ತಿರಲಿಲ್ಲ.

ಡೂಗಲ್ ನಿಂತಲ್ಲೇ ನಿಂತ. ವಿಸ್ಕಿ ನೋಡುವ ಹಳಬರ ರೀತಿಯೂ ಅದೇ. ಅವನ ಅಪ್ಪ ನೋಡುತ್ತಿದ್ದದ್ದು ಹಾಗೆ, ಅವನು ನೋಡುವುದು ಹಾಗೆ. ಹದಿನೆಂಟು ವರ್ಷದಲ್ಲಿ ನನ್ನ ಒಡೆಯರ ಪೈಕಿ ಒಬ್ಬರಾದರೂ ನನ್ನನ್ನು ಮೂಸಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಆಯಿತು.

ಕಸುವು ಎಷ್ಟಿದೆ ಕೇಳು ಎಂದಳು. ಸ್ಯಾಂಡಿ ಇಂಗ್ಲಿಷಿನಲ್ಲಿ ಕೇಳಿದ. ಅಳತೆ ಬರೆದು ನಿಮಗೇ ಕಳಿಸಿದ್ದೇನಲ್ಲ, ನೀವೇ ಪ್ರತಿನಿಧಿ, ಬೇರೆ ಯಾರ ಮುಂದೆಯೂ ಅದನ್ನು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಇಲ್ಲಿನ ನಿಯಮ ಎಂದ ಡೂಗಲ್. ಸ್ಯಾಂಡಿ ಅವಳತ್ತ ತಿರುಗಿ ಮುಖ ಸಣ್ಣದು ಮಾಡಿದ.

"ನಾ ಹೇಳಿದ್ದ ಖರೇ ಐತಿ ನೋಡ್ರಿ ವೈನಿ. ಥರ್ಟಿ ಎಯ್ಟ್ ಅಂತಾನ."

ಇಲ್ಲೇ ಅವನು ಕೆಟ್ಟ. ಕನ್ನಡದಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದಿತ್ತು, ಡೂಗಲ್‌ಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಈ ಜನ ಉಣ್ಣುವುದು, ಬಯ್ಯುವುದು, ಅಳುವುದು ಎಲ್ಲ ಕನ್ನಡದಲ್ಲಿ ಮಾಡಿ, ಅಂಕಿ ಬಂದ ಕೂಡಲೇ ಇಂಗ್ಲಿಷಿಗೆ ಜಾರುತ್ತಾರೆ. ಮೂವತ್ತೆಂಟು ಅಂದಿದ್ದರೆ ಗೆದ್ದಿದ್ದ. ಆ ಮಾತಿನ ಹೊಳೆಯಲ್ಲಿ ಡೂಗಲ್‌ಗೆ ಅರ್ಥವಾದದ್ದು ಅದೊಂದೇ. ಅವನ ಬಿಳಿಯ ಹುಬ್ಬು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

ಹುಬ್ಬು ನೋಡಿ ದರ ಹೇಳುವ ಬಜಾರಿನಲ್ಲಿ ಬೆಳೆದವಳು ದಾಕ್ಷಾಯಣಿ. ಹೊದ್ದ ಶಾಲು ತೆಗೆದು ನನ್ನ ಹೊಟ್ಟೆಯ ಮೇಲೆ ಹಾಸಿದಳು. ಅದರ ಕೆಳಗೆ ತನ್ನ ಕೈ ತೂರಿಸಿ, ಡೂಗಲ್‌ನ ಕಡೆ ನೋಡಿ ಗದ್ದ ಎತ್ತಿದಳು.

ಅವಳಪ್ಪನ ಕಾಲದಲ್ಲಿ ದನದ ಸಂತೆಯಲ್ಲೂ ಬಜಾರಿನಲ್ಲೂ ದರ ಕುದುರುತ್ತಿದ್ದದ್ದು ಹೀಗೆ. ಟವಲಿನ ಕೆಳಗೆ ಕೈಗೆ ಕೈ, ಬೆರಳಿಗೆ ಬೆರಳು. ಸುತ್ತ ನೂರು ಜನ ನಿಂತಿದ್ದರೂ ಇಬ್ಬರಿಗೆ ಮಾತ್ರ ಗೊತ್ತು. ಈಗ ಎಲ್ಲ ಕಂಪ್ಯೂಟರಿನಲ್ಲಿ, ಆದರೆ ಅವಳ ಬೆರಳು ಮರೆತಿರಲಿಲ್ಲ. ಡೂಗಲ್ ಗಾಬರಿಯಿಂದ ಕೈ ತೂರಿಸಿದ. ಅವಳು ಅವನ ಮೂರು ಬೆರಳು ಹಿಡಿದು ಒತ್ತಿದಳು, ಬಿಟ್ಟಳು. ಆಮೇಲೆ ಐದು, ಮತ್ತೆ ಮೂರು. ಮೊದಲಿನದು ಹತ್ತರ ಲೆಕ್ಕ, ಆಮೇಲಿನದು ಬಿಡಿ. ಮೂವತ್ತೆಂಟು. ಕೈ ಬಿಡಿಸಿ, ಹೌದೇ ಎಂಬಂತೆ ಮುಖ ನೋಡಿದಳು. ಮುದುಕನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಅವನ ಗಡ್ಡದೊಳಗೆ ಏನೋ ಅಲುಗಿತು. ಅವಳ ಐದೂ ಬೆರಳು ಸೇರಿಸಿ ಹಿಡಿದ, ಬಿಟ್ಟ. ಆಮೇಲೆ ಎರಡು ಬೆರಳು ಹಿಡಿದ, ಬಿಟ್ಟ.

ಐವತ್ತೆರಡು. ಎಲ್ಲ ನನ್ನ ಹೊಟ್ಟೆಯ ಮೇಲೆಯೇ ನಡೆದದ್ದರಿಂದ ಒಂದೊಂದು ಬೆರಳೂ ನನಗೆ ಗೊತ್ತಾಯಿತು. ಡೂಗಲ್ ನಿಯಮ ಮುರಿಯಲಿಲ್ಲ. ತುಟಿ ಪಿಟಕ್ಕೆನ್ನಲಿಲ್ಲ.

ಸ್ಯಾಂಡಿ ಮಾತ್ರ, ಏನ್ ನಡಿಸೀರಿ ವೈನಿ, ಚಳಿ ಹತ್ತೇತೇನು ಎಂದು ಪೆಚ್ಚುಪೆಚ್ಚಾಗಿ ನಗುತ್ತಿದ್ದ. ಅವಳು ಶಾಲು ಕೊಡವಿ ಹೊದ್ದುಕೊಂಡು, ಮೈದುನನ ಮಾತು, ಯುಗಾದಿಯ ಗಡುವು, ಅವನ ಫೋನು, ಅಳುಮೋರೆ ಎಲ್ಲವನ್ನೂ ಒಂದೊಂದಾಗಿ ಅವನ ಮುಂದೆ ಬಿಚ್ಚಿಟ್ಟಳು. ದನಿ ಏರಿಸಲಿಲ್ಲ. ಕೊನೆಗೆ ಹೇಳಿದಳು:

"ದಲ್ಲಾಳಿ ಕೆಲಸ ಕೆಟ್ಟದ್ದಲ್ಲ ತಮ್ಮಾ, ನಮ್ಮನೀ ಅನ್ನ ಅದು. ಸುಳ್ಳು ಹೇಳೂ ದಲ್ಲಾಳಿನ್ನೂ ನಾ ಭಾಳ ಮಂದಿ ನೋಡೀನಿ. ಆದ್ರ ಅವರು ಸುಳ್ಳು ಹೇಳೂಕಿಂತ ಮೊದಲ ಸರಕನ್ನಾದ್ರೂ ಮುಟ್ಟಿ ನೋಡ್ತಾರ."

ಸ್ಯಾಂಡಿ, ಅಳತೆಯಲ್ಲಿ ಏನೋ ಹೆಚ್ಚುಕಡಿಮೆಯಾಗಿರಬೇಕು, ಆಫೀಸಿನಲ್ಲಿ ವಿಚಾರಿಸುತ್ತೇನೆ ಎಂದು ಶುರು ಮಾಡಿದ. ಅವಳು ಅವನ ಕಡೆ ಬೆನ್ನು ತಿರುಗಿಸಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಡೂಗಲ್‌ನ ಹತ್ತಿರ ಪೇಪರು, ಪೆನ್ನು ಕೇಳಿದಳು. ಪ್ರತಿನಿಧಿಯ ಹೆಸರು ತೆಗೆಯುವ ಫಾರಮ್ಮು ಗೋದಾಮಿನಲ್ಲೇ ಇತ್ತು. ಅದನ್ನು ನನ್ನ ಮೇಲೆ ಇಟ್ಟುಕೊಂಡೇ ಕನ್ನಡದಲ್ಲಿ ಸಹಿ ಹಾಕಿದಳು. ಹೊರಡುವಾಗ ಕೈಚೀಲದಿಂದ, ಮೇಳಕ್ಕೆ ತಂದಿದ್ದ ಬ್ಯಾಡಗಿ ಮೆಣಸಿನಕಾಯಿಯ ಒಂದು ಹಿಡಿ ತೆಗೆದು ಡೂಗಲ್‌ನ ಟೋಪಿಗೆ ಸುರಿದಳು.

ಡೂಗಲ್ ಹೇಳಿ ಕಳಿಸಿದ ದಲ್ಲಾಳಿ ಪಕ್ಕದ ಊರಿನ ಮೋರಾಗ್ ಎಂಬ ಮುದುಕಿ. ಕೆಸರು ಬೂಟಿನಲ್ಲಿ ಬಂದಳು, ಅಂಗೈಯಲ್ಲಿ ತಿಕ್ಕಿ ಮೂಸಿದಳು, ತನ್ನ ಕಮಿಷನ್ನು ಎಷ್ಟೆಂದು ಮೊದಲೇ ಬರೆದುಕೊಟ್ಟಳು, ಮೂರು ವಾರದಲ್ಲಿ ಮಾರಿಸಿದಳು. ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗ ಅಂಗಡಿ ದಾಕ್ಷಾಯಣಿಯದಾಯಿತು. ಮೈದುನ ಈಗ ಮನೆಯಲ್ಲಿ ಕೂತು ಪೂಜೆ ಮಾಡಿಕೊಂಡಿರಬಹುದು. ಸ್ಯಾಂಡಿ ಪೀಪಾಯಿ ಬಿಟ್ಟು, ಕಣ್ಣಿಗೇ ಕಾಣದ ಯಾವುದೋ ಹೊಸ ನಾಣ್ಯ ಮಾರುತ್ತಿದ್ದಾನಂತೆ. ಮುಟ್ಟುವ ಪ್ರಶ್ನೆಯೇ ಇಲ್ಲ, ಅವನಿಗೆ ಹೇಳಿ ಮಾಡಿಸಿದ ಸರಕು.

ನನ್ನನ್ನು ಕೊಂಡವನ ಮಾತೂ ಹೇಳಿಬಿಡುತ್ತೇನೆ. ಯಾವನೋ ಶ್ರೀಮಂತ. ಹದಿನೆಂಟು ವರ್ಷ ನಾನು ಸಾಕಿದ್ದನ್ನು ಬಾಟಲಿಗೆ ತುಂಬಿಸಿ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ. ಬಂದವರಿಗೆ ತೋರಿಸುತ್ತಾನಂತೆ, ತೆರೆಯುವುದಿಲ್ಲವಂತೆ. ಅದರ ವಾಸನೆಗೆ ಕಣ್ಣು ಮುಚ್ಚಿದ ಒಡತಿ ಒಬ್ಬಳೇ, ಅವಳೋ ಕುಡಿಯುವವಳಲ್ಲ.

ಬರಿದಾದ ಮೇಲೆ ನಾನು ಮತ್ತೆ ತುಂಬಲು ಲಾಯಕ್ಕಿಲ್ಲ ಎಂದರು. ಡೂಗಲ್ ನನ್ನನ್ನು ಮನೆಗೆ ತಂದು ನಡುವೆ ಕೊಯ್ದ. ಒಂದರ್ಧ ಅವನ ಕಲ್ಲಿದ್ದಲು ಇಡಲು ಹೋಯಿತು. ಇನ್ನೊಂದರ್ಧ, ಅಂದರೆ ಈ ನಾನು, ಅಡುಗೆಮನೆಯ ಕಿಟಕಿಯ ಬಿಸಿಲಲ್ಲಿ ಮಣ್ಣು ತುಂಬಿಕೊಂಡು ಕೂತಿದ್ದೇನೆ. ಬಿಸಿಲು ಅಂದದ್ದು ಮರ್ಯಾದೆಗೆ. ಟೋಪಿಯಲ್ಲಿ ಬಂದ ಕಾಯಿಯ ಬೀಜ ನನ್ನಲ್ಲಿ ಮೊಳೆತು ಗಿಡವಾಗಿದೆ. ಎಷ್ಟೋ ಕಾಯಿ ಹಸಿರಾಗಿಯೇ ಉದುರಿದವು. ಕೆಲವು ಮಾತ್ರ, ಈ ದರಿದ್ರ ಚಳಿಯಲ್ಲೂ, ಕೆಂಪಾದವು.

ಮೊನ್ನೆ ಮೋರಾಗ್ ಬಂದು ತನ್ನ ಫೋನಿನಲ್ಲಿ ಬ್ಯಾಡಗಿಗೆ ಕರೆ ಹಚ್ಚಿದಳು. ಪರದೆಯಲ್ಲಿ ದಾಕ್ಷಾಯಣಿ ಅಂಗಡಿಯ ಗಾದಿಯ ಮೇಲೆ ಕೂತಿದ್ದಳು, ಹಿಂದೆ ಚೀಲಗಳ ರಾಶಿ. ಡೂಗಲ್ ನನ್ನ ಗಿಡ ತೋರಿಸಿ, ಎಷ್ಟು ಹಣ್ಣಾಗಿವೆ ಎಂದು ಹೇಳಲು ಬೆರಳು ಎತ್ತಹೋದ. ಅವಳು ಬೇಡ ಬೇಡ ಎಂದು ತಲೆ ಅಲ್ಲಾಡಿಸಿ, ತನ್ನ ಕೈಯ ಮೇಲೆ ಸೆರಗು ಎಳೆದುಕೊಂಡು ತೋರಿಸಿದಳು. ಮುದುಕ ಥಟ್ಟನೆ ಕೈಯನ್ನು ಟೋಪಿಯೊಳಗೆ ಅಡಗಿಸಿದ. ಇಬ್ಬರೂ ಬಹಳ ಹೊತ್ತು ನಕ್ಕರು. ಟೋಪಿಯ ಅಂಚು ನನ್ನ ಮೈಗೆ ತಾಗಿತ್ತು, ಎಷ್ಟು ಬೆರಳು ಎಂದು ನನಗೆ ಗೊತ್ತು. ನಿಮಗೆ ಹೇಳುವುದಿಲ್ಲ. ಬೇಕಿದ್ದರೆ ಬಂದು ಮುಟ್ಟಿ ನೋಡಿಕೊಳ್ಳಿ.